ಟೇಸ್ ಮಾಡಿಸಿದರೆ ಅಪ್ಪನ ಆಯಸ್ಸು ಹೆಚ್ಚುತ್ತಾ?

ತಂದೆಗೆ ಲಿವರ್ ಕ್ಯಾನ್ಸರ್, ಆಪರೇಷನ್ ಆಗಲ್ಲ, ಟೇಸ್ (TACE, ಗಡ್ಡೆಗೆ ರಕ್ತ ಒಯ್ಯುವ ನಾಳದಲ್ಲೇ ಔಷಧಿ ಬಿಟ್ಟು ಅದನ್ನು ಮುಚ್ಚುವ ಚಿಕಿತ್ಸೆ) ಮಾಡೋಣ ಅಂದಿದ್ದಾರೆ, ಅದರಿಂದ ಆಯಸ್ಸು ಹೆಚ್ಚುತ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಹಾಸನದ ಹತ್ತಿರದ ಹಳ್ಳಿಯವನು, ನಮ್ಮಪ್ಪನಿಗೆ ಬೆಂಗಳೂರಲ್ಲಿ ಎರಡು ಸಲ ಮಾಡಿಸಿದ್ದೆ. ಹೆಚ್ಚುತ್ತದೆ, ಆದರೆ ಎಲ್ಲರಿಗೂ ಅಲ್ಲ.

ಲಿವರ್‌ಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಒಳ್ಳೆಯ ಭಾಗಕ್ಕೆ ಮುಕ್ಕಾಲು ಪಾಲು ಕರುಳಿನ ಕಡೆಯ ಪೋರ್ಟಲ್ ವೇನ್‌ನಿಂದ. ಉಳಿದದ್ದು ಹೃದಯದ ಕಡೆಯಿಂದ ಬರುವ ಆರ್ಟರಿಯಿಂದ. ಗಡ್ಡೆ ಮಾತ್ರ ಹೆಚ್ಚುಕಮ್ಮಿ ಪೂರ್ತಿ ಈ ಆರ್ಟರಿಯನ್ನೇ ನಂಬಿರುತ್ತದೆ. ತೊಡೆಸಂದಿಯಿಂದಲೋ ಮಣಿಕಟ್ಟಿನಿಂದಲೋ ಸಣ್ಣ ಟ್ಯೂಬ್ ತೂರಿಸಿ, ಗಡ್ಡೆಗೆ ಹೋಗುವ ಕವಲಿಗೇ ಕೀಮೋ ಔಷಧಿ ಬಿಟ್ಟು, ಆ ಕವಲನ್ನು ಮುಚ್ಚುತ್ತಾರೆ. ಅಪ್ಪ ಆಲೂಗಡ್ಡೆ ಬೆಳೆದವರು. "ಕಳೆಗೆ ಹೋಗೋ ನೀರು ಕಟ್ಟೋದು ತಾನೇ?" ಅಂದರು. ಡಾಕ್ಟರ್ ಹೌದು ಅಂದರು.

2002ರಲ್ಲಿ ರೋಗಿಗಳ ಮೇಲೆ ಟೇಸ್ ಮಾಡಿ ನೋಡಿದ ಎರಡು ಮುಖ್ಯ ಅಧ್ಯಯನಗಳ ಫಲಿತಾಂಶ ಬಂತು. ಬಾರ್ಸಿಲೋನಾದಲ್ಲಿ ಎರಡು ವರ್ಷದ ನಂತರ, ಮಾಡಿಸಿಕೊಂಡ ನೂರರಲ್ಲಿ 63 ಜನ ಬದುಕಿದ್ದರು, ಮಾಡಿಸದವರಲ್ಲಿ 27. ಹಾಂಗ್‌ಕಾಂಗ್‌ನಲ್ಲಿ ಅದೇ ಲೆಕ್ಕ 31 ಮತ್ತು 11. ಅಲ್ಲಿಯ ರೋಗಿಗಳ ಗಡ್ಡೆ ದೊಡ್ಡದಿತ್ತು. ಅದಕ್ಕೇ ಹೇಳೋದು, ಬರೀ "ಎಷ್ಟು ವರ್ಷ" ಅಂತ ಕೇಳಬೇಡಿ. ಉಳಿದ ಲಿವರ್ ಹೇಗಿದೆ ಅಂತ ಕೇಳಿ. ಬಿಲಿರುಬಿನ್ (ರಕ್ತದಲ್ಲಿ ಕಾಮಾಲೆಯ ಅಳತೆ) ಎಷ್ಟು, ಹೊಟ್ಟೆಯಲ್ಲಿ ನೀರಿದೆಯಾ, ಪೋರ್ಟಲ್ ವೇನ್ ಒಳಗೆ ಗಡ್ಡೆ ಹೊಕ್ಕಿದೆಯಾ. ಕಾಮಾಲೆ ಜಾಸ್ತಿ ಇದ್ದು, ಲಿವರ್ ಸೋತಿದ್ದರೆ ಟೇಸ್‌ನಿಂದ ಕೆಡುಕೇ ಆಗಬಹುದು.

ಅಪ್ಪನಿಗೆ ತೊಡೆಸಂದಿಯಲ್ಲಿ ಮಾಡಿದ್ದರು. ಗಾಯ ಅಕ್ಕಿಕಾಳಿನಷ್ಟು. ಆದರೆ ಆರು ಗಂಟೆ ಕಾಲು ಮಡಚುವ ಹಾಗಿಲ್ಲ, ಅದೇ ಅವರಿಗೆ ದೊಡ್ಡ ಹಿಂಸೆ. ನಾನು ಮಂಡಿ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ. ಆಮೇಲೆ ನಾಲ್ಕು ದಿನ ಜ್ವರ, ಬಲಗಡೆ ನೋವು, ವಾಕರಿಕೆ, ಬರೀ ರಾಗಿಗಂಜಿ. ಇದು ತುಂಬಾ ಜನಕ್ಕೆ ಆಗುತ್ತಂತೆ, ಹೆದರಬೇಡಿ. ಆದರೆ ಚಳಿಜ್ವರ ಬಂದರೆ, ಇಲ್ಲವೇ ವಾರ ಕಳೆದರೂ ಜ್ವರ ಬಿಡದಿದ್ದರೆ ಸುಮ್ನೆ ಕಾಯದೆ ಆಸ್ಪತ್ರೆಗೆ ಹೋಗಿ, ಒಳಗೆ ಕೀವು ಕಟ್ಟಿರಬಹುದು.

ಒಂದೇ ಸಲಕ್ಕೆ ಮುಗಿಯೋದು ಕಡಿಮೆ. ಒಂದು ತಿಂಗಳು, ಒಂದೂವರೆ ತಿಂಗಳಿಗೆ ಸ್ಕ್ಯಾನ್ ಮಾಡಿ, ಜೀವ ಉಳಿದ ಗಡ್ಡೆ ಇದ್ದರೆ ಮತ್ತೆ ಮಾಡುತ್ತಾರೆ. ಅಪ್ಪ ಮೂರು ವರ್ಷ ನಮ್ಮ ಜೊತೆ ಇದ್ದರು. ಎರಡು ವರ್ಷ ಹೊಲಕ್ಕೂ ಹೋದರು.

ಬೆಂಗಳೂರಿಗೆ ಹೊರಡುವಾಗ ಸ್ಕ್ಯಾನ್ ಸಿಡಿ ಮರೀಬೇಡಿ. ನಾವು ಬರೀ ರಿಪೋರ್ಟ್ ಹಾಳೆ ಒಯ್ದು, ಇನ್ನೊಂದು ಸಲ ಸ್ಕ್ಯಾನ್ ಮಾಡಿಸಬೇಕಾಯಿತು.