ಚಿನ್ನಿಯ ಉಗುರಿಗೆ ಟೊಪ್ಪಿಗೆ ಹಾಕಲೇ?

ಪ್ರಶ್ನೆ: ಡಾಕ್ಟ್ರಮ್ಮಾ, ನಾನು ಮನೆಯಲ್ಲೇ ಹೊಲಿಗೆ ಹಾಕುವವಳು. ಸೀರೆಗೆ ಫಾಲ್ ಹಚ್ಚೋದು, ಕುಚ್ಚು ಕಟ್ಟೋದು, ಬ್ಲೌಸು, ಇದೇ ನಮ್ಮ ಜೀವನ. ನಮ್ಮ ಬೆಕ್ಕು ಚಿನ್ನಿಗೆ ಎರಡು ವರ್ಷ, ಮರಿ ಆಗದಂತೆ ಆಪರೇಷನ್ ಮಾಡಿಸಿದ್ದೇವೆ. ಹೋದ ವಾರ ಗಿರಾಕಿಯೊಬ್ಬರ ರೇಷ್ಮೆ ಸೀರೆಯ ಸೆರಗಿಗೆ ಉಗುರು ಹಾಕಿ ಎಳೆ ಕಿತ್ತುಬಿಟ್ಟಿತು. ದುಡ್ಡು ಕೊಟ್ಟು ಕೈಮುಗಿದು ಕಳಿಸಿದೆ. ಅತ್ತೆಗೆ ಶುಗರ್ ಇದೆ, ರಕ್ತ ತೆಳುವಾಗುವ ಮಾತ್ರೆ ಬೇರೆ ನುಂಗುತ್ತಾರೆ. ಚಿನ್ನಿ ಅವರ ತೊಡೆಯಿಂದ ಹಾರಿದಾಗೆಲ್ಲ ಗೀರು, ರಕ್ತ. ಮಗ ಆನ್‌ಲೈನಿನಲ್ಲಿ ಉಗುರಿಗೆ ಅಂಟಿಸುವ ಕ್ಯಾಪ್ ತರಿಸಿದ್ದಾನೆ. ಪಕ್ಕದ ಮನೆಯವರು 'ಉಗುರನ್ನೇ ತೆಗೆಸಿಬಿಡಿ' ಅಂತಾರೆ. ಚಿನ್ನಿ ಹಗಲು ಮನೆಯಲ್ಲಿರುತ್ತೆ, ರಾತ್ರಿ ಮಹಡಿಗೆ ಹೋಗಿ ಬರುತ್ತೆ. ಏನು ಮಾಡಲಿ?
– ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಕ್ಯಾಪ್ ಹಾಕಬಹುದಮ್ಮಾ. ಆದರೆ ರಾತ್ರಿ ಮಹಡಿಗೆ ಬಿಡುವುದನ್ನು ಪೂರ್ತಿ ನಿಲ್ಲಿಸುವುದಾದರೆ ಮಾತ್ರ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಬೆಕ್ಕು ಕಾಂಪೌಂಡು ಹತ್ತಿ, ಮರ ಹತ್ತಿ ಜೀವ ಉಳಿಸಿಕೊಳ್ಳುವುದು ಆ ಉಗುರಿನಿಂದಲೇ. ಕ್ಯಾಪ್ ಹಾಕಿದರೆ ಹಿಡಿತ ಸಿಗದೆ ಜಾರುತ್ತದೆ. ಒಳಗೇ ಇಟ್ಟುಕೊಳ್ಳಲು ಆಗದಿದ್ದರೆ ಆ ಪ್ಯಾಕೆಟ್ ಒಡೆಯಬೇಡಿ.

ಉಗುರು ತೆಗೆಸುವ ಮಾತನ್ನು ಮನೆಯಲ್ಲಿ ಇನ್ನೊಮ್ಮೆ ಆಡಬೇಡಿ. ನಮ್ಮ ಉಗುರಿನ ಹಾಗಲ್ಲ, ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಯಿಂದಲೇ ಬೆಳೆಯುತ್ತದೆ. ಅದನ್ನು ತೆಗೆಯುವುದೆಂದರೆ ಪ್ರತಿ ಬೆರಳನ್ನೂ ಕೊನೆಯ ಗೆಣ್ಣಿಗೆ ಕತ್ತರಿಸಿದಂತೆ. ಸಾಕುಪ್ರಾಣಿಗಳ ರಕ್ಷಣೆಗಾಗಿ ಆದ 1987ರ ಯುರೋಪಿನ ಒಪ್ಪಂದ ಇದನ್ನು ಕೂಡದು ಎಂದಿತು, ಅಮೆರಿಕದ ನ್ಯೂಯಾರ್ಕ್ ರಾಜ್ಯ 2019ರಲ್ಲಿ ನಿಷೇಧಿಸಿತು. ನನ್ನ ಸರ್ವಿಸ್ಸಿನಲ್ಲಿ ಹೆಚ್ಚಾಗಿ ದನ, ಎಮ್ಮೆ, ಕುರಿಗಳನ್ನೇ ನೋಡಿದ್ದು. ಆದರೂ ಯಾವ ಬೆಕ್ಕಿಗೂ ಈ ಕೆಲಸಕ್ಕೆ ನಾನು ಕತ್ತರಿ ಹಿಡಿಯುತ್ತಿರಲಿಲ್ಲ.

ಒಳಗೇ ಇಟ್ಟುಕೊಳ್ಳುತ್ತೇವೆ ಅನ್ನುವುದಾದರೆ ಕ್ಯಾಪ್ ಹಾಕುವ ಬಗೆ ಕೇಳಿ. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು ಹದಿನೆಂಟು ಉಗುರು. ಸೀರೆ ಹರಿಯುವುದು ಮುಂದಿನ ಹತ್ತು, ಅಷ್ಟಕ್ಕೇ ಹಾಕಿದರೆ ಸಾಕು. ಊಟ ಮಾಡಿ ತೂಕಡಿಸುತ್ತಿರುವಾಗ ತೊಡೆಯ ಮೇಲೆ ಕೂರಿಸಿಕೊಳ್ಳಿ. ಬೆರಳನ್ನು ಮೆಲ್ಲಗೆ ಒತ್ತಿದರೆ ಉಗುರು ಹೊರಗೆ ಬರುತ್ತದೆ. ಒಳಗಿನ ಗುಲಾಬಿ ಭಾಗದಲ್ಲಿ ರಕ್ತನಾಳ, ನರ ಇವೆ, ಅದನ್ನು ಮುಟ್ಟದೆ ಮೊನೆಯನ್ನಷ್ಟೇ ಕತ್ತರಿಸಿ. ಮೊದಲು ಅಂಟಿಲ್ಲದೆ ತೊಡಿಸಿ ಅಳತೆ ನೋಡಿಕೊಳ್ಳಿ. ಕುಪ್ಪಸಕ್ಕೆ ಅಳತೆ ನೋಡುವ ನಿಮಗೆ ಇದನ್ನು ಹೇಳಿಕೊಡಬೇಕಿಲ್ಲ. ಕ್ಯಾಪಿನ ಮೂರನೇ ಒಂದು ಭಾಗದಷ್ಟು ಅಂಟು ಸಾಕು. ಪ್ಯಾಕೆಟ್ಟಿನ ಜೊತೆ ಬಂದ ಅಂಟನ್ನೇ ಬಳಸಿ. ಹಾಕಿದ ಮೇಲೆ ಐದು ನಿಮಿಷ ಎತ್ತಿಕೊಂಡೇ ಇರಿ, ಇಲ್ಲದಿದ್ದರೆ ಕಚ್ಚಿ ಕೀಳುತ್ತದೆ. ಉಗುರು ಮೊದಲಿನಂತೆ ಒಳಗೆ ಹೋಗುತ್ತದೆಯೇ ಎಂದು ಖಂಡಿತ ನೋಡಿ. ಹೋಗದಿದ್ದರೆ ಆ ಕ್ಯಾಪ್ ದೊಡ್ಡದಾಯಿತು ಎಂದರ್ಥ.

ಉಗುರಿನ ಹೊರಪದರ ಕಳಚುವಾಗ ಕ್ಯಾಪ್ ತಾನೇ ಉದುರುತ್ತದೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೆ. ಉದುರದೆ ಉಳಿದದ್ದೇ ಅಪಾಯ. ನಮ್ಮ ಮನೆಯ ಕರಿಯನಿಗೆ ಹಾಕಿದ್ದಾಗ ಒಂದು ಮದುವೆಯ ಓಡಾಟದಲ್ಲಿ ಎರಡು ತಿಂಗಳ ಹತ್ತಿರ ನಾನು ಪಾದ ನೋಡಲಿಲ್ಲ. ಹೆಬ್ಬೆರಳಿನದು ಉದುರಿರಲಿಲ್ಲ. ಒಳಗೇ ಬೆಳೆದ ಉಗುರು ಸುರುಳಿ ತಿರುಗಿ ಬೆರಳಿನ ಮೆತ್ತೆಗೆ ಚುಚ್ಚಿತ್ತು. ಅವನು ಅದನ್ನೇ ನೆಕ್ಕುತ್ತ ಕೂತಿರುತ್ತಿದ್ದ, ಮುಟ್ಟಲು ಹೋದರೆ ಕಾಲೆಳೆದುಕೊಳ್ಳುತ್ತಿದ್ದ. ಪ್ರಾಣಿವೈದ್ಯೆಯಾಗಿ ನಾನೇ ಹಾಗೆ ಬಿಟ್ಟೆನಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಒಂದೊಂದೇ ಬೆರಳು ಎಣಿಸಿ ನೋಡಿ. ತೆಗೆಯಬೇಕಾದರೆ ಜಗ್ಗಬೇಡಿ, ಕ್ಯಾಪಿನ ತುದಿ ಕತ್ತರಿಸಿದರೆ ಅಂಟು ಸಡಿಲವಾಗಿ ಜಾರಿ ಬರುತ್ತದೆ.

ಇಷ್ಟೆಲ್ಲ ಹೇಳಿದರೂ, ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಹಿಡಿಯುವುದು ಗೋಣಿಚೀಲ. ಬೆಕ್ಕು ನಿಮ್ಮ ಮೇಲಿನ ಸಿಟ್ಟಿಗೆ ಪರಚುವುದಿಲ್ಲ. ಹಳೆಯ ಪದರ ಉದುರಿಸಿಕೊಳ್ಳಲು, ಮೈ ಮುರಿಯಲು ಪರಚುತ್ತದೆ. ಅದರ ಪಾದದಲ್ಲಿ ವಾಸನೆಯ ಗ್ರಂಥಿಗಳಿವೆ, ಪರಚಿದಲ್ಲಿ ತನ್ನ ಗುರುತು ಬಿಡುತ್ತದೆ. ಕ್ಯಾಪ್ ಹಾಕಿದರೂ ಪರಚುವ ಆಸೆ ಹಾಗೇ ಇರುತ್ತದೆ, ಅದಕ್ಕೊಂದು ಜಾಗ ಕೊಡಲೇಬೇಕು. ಎಪಿಎಂಸಿ ಕಡೆ ಸೆಣಬಿನ ಚೀಲ ಸಿಗುತ್ತದೆ, ಪ್ಲಾಸ್ಟಿಕ್ಕಿನದು ಬೇಡ. ಕಾಳಿಗೆ ಹಾಕಿದ ಔಷಧಿ ಇದ್ದೀತು, ಚೆನ್ನಾಗಿ ಒಗೆದು ಬಿಸಿಲಿಗೆ ಹಾಕಿ. ಮೂರು ಅಡಿಗಿಂತ ಎತ್ತರದ ಹಲಗೆಗೆ ಬಿಗಿಯಾಗಿ ಸುತ್ತಿ, ಅಲುಗಾಡದಂತೆ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿ. ಒಮ್ಮೆ ಅಲುಗಿದರೆ ಅದು ಮತ್ತೆ ಹತ್ತಿರ ಬರುವುದು ಕಷ್ಟ. ಮೂಲೆಯಲ್ಲಿ ಬಚ್ಚಿಡಬೇಡಿ. ಸೀರೆ ತೂಗುಹಾಕುವ ಕಡೆಯೇ, ಚಿನ್ನಿ ಮಲಗಿ ಏಳುವ ಜಾಗದ ಹತ್ತಿರವೇ ಇರಲಿ. ಎದ್ದ ಕೂಡಲೇ ಮೈ ಮುರಿದು ಪರಚುವುದು ಅದರ ರೂಢಿ. ಖಾಲಿ ಸೈಟಿನಲ್ಲಿ ಕುಪ್ಪಿಗಿಡ ಸಿಕ್ಕರೆ ಬೇರುಸಹಿತ ಕಿತ್ತು ಆ ಬೇರನ್ನು ಗೋಣಿಗೆ ಉಜ್ಜಿ. ಅದರ ವಾಸನೆಗೆ ಎಷ್ಟೋ ಬೆಕ್ಕುಗಳು ಓಡಿಬರುತ್ತವೆ. ತಿನ್ನಲು ಮಾತ್ರ ಕೊಡಬೇಡಿ.

ಅಷ್ಟು ಮಾಡಿ, ಎರಡು ವಾರಕ್ಕೊಮ್ಮೆ ಉಗುರಿನ ಮೊನೆ ಕತ್ತರಿಸುತ್ತಿದ್ದರೆ ಕ್ಯಾಪ್ ಬೇಕಾಗಲಿಕ್ಕಿಲ್ಲ.

ಇನ್ನು ಅತ್ತೆಯವರ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆಯಾದದ್ದು ಇದೇ. ತೊಡೆಯಿಂದ ಹಾರುವಾಗ ಬೆಕ್ಕು ಒತ್ತಿ ಚಿಮ್ಮುವುದು ಹಿಂಗಾಲಿನಿಂದ. ಮುಂಗಾಲಿಗೆ ಎಷ್ಟು ಕ್ಯಾಪ್ ಹಾಕಿದರೂ ಆ ಗೀರು ನಿಲ್ಲುವುದಿಲ್ಲ. ಹಿಂಗಾಲಿನ ಎಂಟೂ ಉಗುರುಗಳ ಮೊನೆ ತಪ್ಪದೆ ತೆಗೆಯಿರಿ. ಗೀರು ಬಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೊರಗೆ ಅಡ್ಡಾಡುವ ಬೆಕ್ಕು, ರೇಬಿಸ್ ಲಸಿಕೆಯ ವಿಚಾರ ವೈದ್ಯರನ್ನು ಕೇಳಲೇಬೇಕು. ಚಿನ್ನಿಗೆ ಆ ಲಸಿಕೆ ಹಾಕಿಸಿದ್ದೀರೋ ಇಲ್ಲವೋ ಬರೆದಿಲ್ಲ. ಹಾಕಿಸಿಲ್ಲದಿದ್ದರೆ ಈ ವಾರವೇ ಹಾಕಿಸಿ.

ಹೊಲಿದು ಉಳಿದ ಚೂರು ಬಟ್ಟೆ ನಿಮ್ಮಲ್ಲಿ ಇದ್ದೇ ಇರುತ್ತದೆ. ನಾಲ್ಕಾರು ಪದರ ಸೇರಿಸಿ ಸಣ್ಣದೊಂದು ಕೌದಿ ಹೊಲಿದು ಅತ್ತೆಯವರ ತೊಡೆಗೆ ಹಾಸಿಕೊಡಿ. ಚಿನ್ನಿ ಅದರ ಮೇಲೆ ಮಲಗಲಿ, ಅದರ ಮೇಲಿಂದಲೇ ಹಾರಲಿ.