ಓದುಗರ ಪ್ರಶ್ನೆ: ಸ್ಪೀಕರಿಗೆ ತಕ್ಕ ಆಂಪ್ಲಿಫೈಯರ್

ಪ್ರಶ್ನೆ: ನನ್ನಲ್ಲಿ ಪ್ರತಿ ಚಾನೆಲ್ಲಿಗೆ 8 ವಾಟ್ ಕೊಡುವ, 300ಬಿ ವಾಲ್ವಿನ (ಗಾಜಿನ ನಿರ್ವಾತ ನಳಿಕೆಯ) ಸಿಂಗಲ್ ಎಂಡೆಡ್, ಅಂದರೆ ಇಡೀ ಅಲೆಯನ್ನು ಒಂದೇ ವಾಲ್ವ್ ವರ್ಧಿಸುವ, ಆಂಪ್ಲಿಫೈಯರ್ ಇದೆ. ಹನ್ನೆರಡಕ್ಕೆ ಹದಿನಾಲ್ಕು ಅಡಿಯ ಕೋಣೆಯಲ್ಲಿ, ಸ್ಪೀಕರಿನಿಂದ ಎರಡೂವರೆ ಮೀಟರ್ ದೂರ ಕುಳಿತು, ಹೆಚ್ಚಾಗಿ ಕರ್ನಾಟಕ ಸಂಗೀತದ ಹಾಡುಗಾರಿಕೆ ಕೇಳುತ್ತೇನೆ. 15 ಓಮ್‌ನ ಹಳೆಯ ಎಲ್‌ಎಸ್3/5ಎ ಜೋಡಿಯೊಂದು ಮಾರಾಟಕ್ಕಿದೆ. ಕ್ಲಿಪ್ಷ್ ಕಂಪನಿಯ ಹೆರೆಸಿ ಸ್ಪೀಕರೂ ಮನಸ್ಸಿನಲ್ಲಿದೆ. ಯಾವುದನ್ನು ಕೊಳ್ಳಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಎಲ್‌ಎಸ್3/5ಎ ಎಂಬುದು ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವಾಹನದಂಥ ಇಕ್ಕಟ್ಟಾದ ಜಾಗಗಳಲ್ಲಿ ಧ್ವನಿಯನ್ನು ಪರಿಶೀಲಿಸಲೆಂದು ರೂಪಿಸಿದ, ಒಂದಡಿ ಎತ್ತರದ ಮುಚ್ಚಿದ ಪೆಟ್ಟಿಗೆ. ಮನುಷ್ಯನ ಕಂಠವನ್ನು ಅದು ತೋರಿಸುವಷ್ಟು ಸಹಜವಾಗಿ ತೋರಿಸುವ ಚಿಕ್ಕ ಸ್ಪೀಕರುಗಳು ಇಂದಿಗೂ ಕಡಿಮೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅದರ ಸೂಕ್ಷ್ಮತೆ, ಅಂದರೆ 2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಕೇಳಿಸುವ ಮಟ್ಟ, ಸುಮಾರು 83 ಡೆಸಿಬೆಲ್ ಮಾತ್ರ. ಈಗಿನ ಹೆರೆಸಿಗೆ ತಯಾರಕರು ಕೊಡುವ ಸಂಖ್ಯೆ 99. ಈ 16 ಡೆಸಿಬೆಲ್ ಅಂತರವನ್ನು ವಾಟ್‌ಗಳಿಗೆ ತಿರುಗಿಸಿದರೆ ಸುಮಾರು ನಲವತ್ತು ಪಟ್ಟಾಗುತ್ತದೆ. ಹೆರೆಸಿಯಲ್ಲಿ ನಿಮ್ಮ 8 ವಾಟ್ ಮಾಡುವ ಕೆಲಸವನ್ನು ಎಲ್‌ಎಸ್3/5ಎಯಿಂದ ಮಾಡಿಸಲು ನೂರಾರು ವಾಟ್ ಬೇಕು, ಅಷ್ಟನ್ನು ತಾಳುವ ಶಕ್ತಿ ಆ ಪುಟ್ಟ ಪೆಟ್ಟಿಗೆಗೆ ಇಲ್ಲ.

ನಿಮ್ಮ ಕೋಣೆಯಲ್ಲಿ ಇದರ ಪರಿಣಾಮ ಏನೆಂದು ಲೆಕ್ಕ ಹಾಕೋಣ. ಎಲ್‌ಎಸ್3/5ಎಯನ್ನು ಆಂಪ್ಲಿಫೈಯರಿನ 8 ಓಮ್ ಟರ್ಮಿನಲ್ಲಿಗೆ ಜೋಡಿಸಿದರೆ ಒಂದು ಮೀಟರಿನಲ್ಲಿ ಸುಮಾರು 92 ಡೆಸಿಬೆಲ್ ಸಿಗುತ್ತದೆ. ನೀವು ಕೂರುವ ಜಾಗಕ್ಕೆ ಬರುವಾಗ ಐದಾರು ಡೆಸಿಬೆಲ್ ಇಳಿದು, ಎರಡು ಸ್ಪೀಕರುಗಳು ಸೇರಿದ್ದರಿಂದ ಮೂರು ಏರಿ, ಗರಿಷ್ಠ ಮಟ್ಟ 90ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆಲಾಪನೆಗೆ ಇದು ಧಾರಾಳವಾಗಿ ಸಾಕು. ಆದರೆ ತನಿ ಆವರ್ತನದಲ್ಲಿ ಮೃದಂಗದ ಒಂದೊಂದು ಪೆಟ್ಟು ಸರಾಸರಿ ಮಟ್ಟಕ್ಕಿಂತ ಹದಿನೈದು ಡೆಸಿಬೆಲ್ ಮೇಲೆ ಚಿಮ್ಮಬಲ್ಲದು, ಆಗ ವಾಲ್ವ್ ಸುಸ್ತಾಗಿ ಪೆಟ್ಟಿನ ಮೊನೆಯೇ ಮೊಂಡಾಗುತ್ತದೆ. ಆಂಪ್ಲಿಫೈಯರಿನ ಹಿಂಬದಿಯಲ್ಲಿ 16 ಓಮ್ ಟರ್ಮಿನಲ್ ಇದ್ದರೆ ಹೆಚ್ಚುಕಡಿಮೆ 3 ಡೆಸಿಬೆಲ್ ಲಾಭವಾಗುತ್ತದೆ, ಅದನ್ನು ಮೊದಲು ನೋಡಿ.

ಇನ್ನೊಂದು ವಿಷಯವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದಂಶವನ್ನು ಹಿಂದಿರುಗಿಸಿ ತಪ್ಪು ತಿದ್ದುವ ವ್ಯವಸ್ಥೆ) ಇಲ್ಲದ ಇಂಥ ಆಂಪ್ಲಿಫೈಯರುಗಳ ಔಟ್‌ಪುಟ್ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಎರಡು ಮೂರು ಓಮ್‌ಗಳಷ್ಟು ಇರುವುದುಂಟು. ಸ್ಪೀಕರಿನ ಇಂಪೀಡೆನ್ಸ್ ಒಂದು ಸ್ಥಾಯಿಯಲ್ಲಿ 3 ಓಮ್‌ಗೆ ಇಳಿದು ಮತ್ತೊಂದರಲ್ಲಿ 20ಕ್ಕೆ ಏರುವಂಥದ್ದಾದರೆ, ಎರಡೂವರೆ ಓಮ್‌ನ ಔಟ್‌ಪುಟ್ ಇಂಪೀಡೆನ್ಸಿನಿಂದ ಅವೆರಡರ ನಡುವೆ 4 ಡೆಸಿಬೆಲ್ ವ್ಯತ್ಯಾಸ ಹುಟ್ಟುತ್ತದೆ. ಅಂದರೆ ಹಾಡುವವರ ಕಂಠದ ಬಣ್ಣವೇ ಬದಲಾಗುತ್ತದೆ. ಹಾಗಾಗಿ ಹೆರೆಸಿಯನ್ನೂ ನಿಮ್ಮದೇ ಆಂಪ್ಲಿಫೈಯರಿನೊಂದಿಗೆ, ನೀವು ಚೆನ್ನಾಗಿ ಬಲ್ಲ ಧ್ವನಿಮುದ್ರಣ ಹಾಕಿ ಕೇಳದೆ ಕೊಳ್ಳಬೇಡಿ. ಈಗಿನ ಆಂಪ್ಲಿಫೈಯರನ್ನೇ ಉಳಿಸಿಕೊಳ್ಳುವುದಾದರೆ ನನ್ನ ಸಲಹೆ ಹೆರೆಸಿ. ಎಲ್‌ಎಸ್3/5ಎಯೇ ಬೇಕೆಂದಾದರೆ, 50 ವಾಟ್‌ನ ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೂ ಹಣ ತೆಗೆದಿಡಿ.

ಪ್ರಶ್ನೆ: ನನ್ನ ನೆಲದ ಮೇಲೆ ನಿಲ್ಲಿಸುವ ಸ್ಪೀಕರುಗಳ ವಿವರದಲ್ಲಿ "8 ಓಮ್, ಕನಿಷ್ಠ 3 ಓಮ್" ಎಂದಿದೆ. ವಾಲ್ಯೂಮ್ ಏರಿಸಿದರೆ 50 ವಾಟ್‌ನ ಆಂಪ್ಲಿಫೈಯರ್ ತಾನಾಗಿಯೇ ಆಫ್ ಆಗುತ್ತದೆ. ದೋಷ ಯಾವುದರದ್ದು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ತಂತಿಗಳು ಎಲ್ಲಿಯೂ ಒಂದಕ್ಕೊಂದು ತಾಗುತ್ತಿಲ್ಲವೆಂದು ಖಚಿತಪಡಿಸಿಕೊಂಡಿದ್ದರೆ, ಬಹುಶಃ ಎರಡರದ್ದೂ ಅಲ್ಲ, ಜೋಡಿಯದ್ದು. 8 ಓಮ್‌ಗೆ 50 ವಾಟ್ ಎಂದರೆ 20 ವೋಲ್ಟ್, ಎರಡೂವರೆ ಆಂಪಿಯರ್. ಅದೇ 20 ವೋಲ್ಟ್ 3 ಓಮ್‌ಗೆ ಬಿದ್ದಾಗ ಆರೂವರೆ ಆಂಪಿಯರಿಗಿಂತ ಹೆಚ್ಚು ಕರೆಂಟ್ ಬೇಕು, ಅದನ್ನು ಕೊಡಲಾಗದೆ ರಕ್ಷಣಾ ಸರ್ಕ್ಯೂಟ್ ಕೆಲಸ ಮಾಡುತ್ತದೆ. ಇಂಪೀಡೆನ್ಸ್ ಘೋಷಿತ ಮೌಲ್ಯದ ಶೇ. 80ಕ್ಕಿಂತ ಕೆಳಗೆ ಇಳಿಯಬಾರದೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಆ ಲೆಕ್ಕದಲ್ಲಿ ನಿಮ್ಮದನ್ನು ಹೆಚ್ಚೆಂದರೆ 4 ಓಮ್ ಸ್ಪೀಕರ್ ಎಂದೇ ತಿಳಿಯಬೇಕು. 8 ಓಮ್‌ನಲ್ಲಿ ಕೊಡುವುದರ ಹೆಚ್ಚುಕಡಿಮೆ ಎರಡರಷ್ಟು ವಾಟ್ ಅನ್ನು 4 ಓಮ್‌ನಲ್ಲಿ ಕೊಡುವ ಆಂಪ್ಲಿಫೈಯರನ್ನು ಹುಡುಕಿ.

ಪ್ರಶ್ನೆ: ಕ್ವಾಡ್ ಕಂಪನಿಯ ಮೊದಲ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರಿಗೆ 200 ವಾಟ್ ಆಂಪ್ಲಿಫೈಯರ್ ಹಾಕಬಹುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ದಯವಿಟ್ಟು ಬೇಡ. ಕ್ವಾಡ್ ಸ್ಥಾಪಕ ಪೀಟರ್ ವಾಕರ್ ಅವರ, ಹೈ ವೋಲ್ಟೇಜಿನಿಂದ ತೆಳುವಾದ ಪೊರೆಯನ್ನು ಕಂಪಿಸಿ ಧ್ವನಿ ಹೊರಡಿಸುವ ಆ ಸ್ಪೀಕರ್ 1957ರಲ್ಲಿ ಬಂದಾಗ ಅದರ ಜೊತೆಗಾರ ಕೇವಲ 15 ವಾಟ್‌ನ ಕ್ವಾಡ್ 2 ವಾಲ್ವ್ ಆಂಪ್ಲಿಫೈಯರ್ ಆಗಿತ್ತು. ವೋಲ್ಟೇಜ್ ಮಿತಿ ಮೀರಿದರೆ ಒಳಗೆ ಕಿಡಿ ಹಾರಿ ತೆಳುವಾದ ಪ್ಲಾಸ್ಟಿಕ್ ಪೊರೆ ಸುಟ್ಟು ತೂತಾಗುತ್ತದೆ. 45 ವಾಟ್‌ನ ಕ್ವಾಡ್ 303 ಅದಕ್ಕೆ ಒಪ್ಪುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಅದನ್ನು ಜೋಡಿಸುವ ಮೊದಲು, ಇಷ್ಟು ಹಳೆಯ ಸ್ಪೀಕರಿನ ಫಲಕಗಳನ್ನೂ ಹೈ ವೋಲ್ಟೇಜ್ ಭಾಗವನ್ನೂ ಬಲ್ಲವರಿಂದ ಪರೀಕ್ಷಿಸಿಕೊಳ್ಳಿ.