ಸಾಲ ಬೇಡ ಅನ್ನಿ, ಬ್ಯಾಂಕಿನ ಕಣ್ಣು ಬೇಡ ಅನ್ನಬೇಡಿ

(ಓದುಗರ ಪ್ರಶ್ನೆಗಳಿಗೆ ಹಾಸನದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರ ಉತ್ತರ)

ಪ್ರಶ್ನೆ: ಮೇಡಂ, ನಮಸ್ಕಾರ. ಆಲ್ದೂರು ಹತ್ತಿರದ ಕಾಫಿ ತೋಟವೊಂದರಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ವಯಸ್ಸು 41. ಸಂಬಳ 32,000. ನನ್ನ ಹೆಂಡತಿ ಹೊಲಿಗೆಯಿಂದ ತಿಂಗಳಿಗೆ ಏಳೆಂಟು ಸಾವಿರ ದುಡಿಯುತ್ತಾಳೆ. ತೋಟದ ಕ್ವಾರ್ಟರ್ಸ್ ಇರುವುದರಿಂದ ಬಾಡಿಗೆ ಇಲ್ಲ. ಮಗಳು ಎಂಟನೇ ಕ್ಲಾಸು, ಮಗ ಐದು. ಬ್ಯಾಂಕಿನಲ್ಲಿ 9 ಲಕ್ಷ, ಒಂದು ಸೊಸೈಟಿಯಲ್ಲಿ 6 ಲಕ್ಷ ಎಫ್‌ಡಿ ಇದೆ. ತಿಂಗಳಿಗೆ 18,000 ಉಳಿಸಬಲ್ಲೆ. 50 ತುಂಬುವುದರೊಳಗೆ ಚಿಕ್ಕಮಗಳೂರಿನಲ್ಲಿ ಸ್ವಂತ ಮನೆ ಆಗಬೇಕು. ಆದರೆ ಒಂದು ರೂಪಾಯಿ ಸಾಲ ಮಾಡುವುದಿಲ್ಲ. ನಮ್ಮ ತಂದೆ ನೂರಕ್ಕೆ ಮೂರರಂತೆ ಕೈಸಾಲ ಮಾಡಿ ಎರಡು ಎಕರೆ ಹೊಲ ಕಳೆದರು. ಅದನ್ನು ಕಣ್ಣಾರೆ ನೋಡಿದವನು ನಾನು. ಕಲ್ಯಾಣನಗರದ ಕಡೆ ಒಂದು ಹಳೇ ಮನೆಗೆ 40 ಲಕ್ಷ ಹೇಳುತ್ತಿದ್ದಾರೆ. ಕಡೂರು ರಸ್ತೆಯಲ್ಲಿ ಊರಾಚೆ 30x40 ಸೈಟು 14 ಲಕ್ಷಕ್ಕೆ ಇದೆಯಂತೆ. ಸೈಟಿನ ಗೊಡವೆಗೆ ಹೋಗದೆ ಹಣ ಕೂಡಿಸಿ ಒಂದೇ ಸಲ ಮನೆ ಕೊಳ್ಳುವುದು ಒಳ್ಳೆಯದಲ್ಲವೇ? – ಹೆಸರು ಬೇಡ

ಉತ್ತರ: ಮೂವತ್ತೊಂದು ವರ್ಷ ಜನರಿಗೆ ಸಾಲ ಕೊಟ್ಟು ಸಂಬಳ ತಗೊಂಡವಳು ನಾನು. ನನ್ನ ಮನೆಯನ್ನೂ ಬ್ಯಾಂಕಿನ ಸ್ಟಾಫ್ ಲೋನಿನಲ್ಲೇ ಕಟ್ಟಿದ್ದು, ಮುಚ್ಚಿಡುವುದಿಲ್ಲ. ಸಾಲವೇ ಬೇಡ ಅನ್ನುವವರ ಕಾಗದ ಬಂದರೆ ಮೊದಲು ಸ್ವಲ್ಪ ಮುಖ ಸಿಂಡರಿಸುತ್ತೇನೆ, ಅಭ್ಯಾಸಬಲ. ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಿಮ್ಮ ಹಟ ನನಗೆ ಅರ್ಥವಾಗುತ್ತದೆ. ಲೆಕ್ಕ ಮಾತ್ರ ಹಟ ಕೇಳುವುದಿಲ್ಲ. ದಿನಾ ಚೆಕ್‌ರೋಲ್ ಬರೆಯುವವರು ನೀವು, ಬನ್ನಿ, ಕೂಡಿಸೋಣ.

ಕೈಯಲ್ಲಿರುವ 15 ಲಕ್ಷವನ್ನು ಶೇ 6.5ರಲ್ಲಿ ಒಂಬತ್ತು ವರ್ಷ ಇಟ್ಟರೆ ಸುಮಾರು 26 ಲಕ್ಷ. ತಿಂಗಳಿಗೆ 18,000ದಂತೆ ಅದೇ ಬಡ್ಡಿಯಲ್ಲಿ ಕಟ್ಟುತ್ತಾ ಹೋದರೆ ಇನ್ನೊಂದು 26 ಲಕ್ಷ. ಒಟ್ಟು 52 ಲಕ್ಷದ ಮೇಲೆ. ಈಗಿನ 40 ಲಕ್ಷದ ಮನೆಗೆ ಅದು ಧಾರಾಳ ಸಾಕು. ಆದರೆ ಒಂಬತ್ತು ವರ್ಷ ಆ ಮನೆ 40 ಲಕ್ಷದಲ್ಲೇ ಕೂತಿರುತ್ತದೆಯೇ? ವರ್ಷಕ್ಕೆ ಶೇ 5 ಏರಿದರೂ 62 ಲಕ್ಷ ಆಗುತ್ತದೆ. ಅದರ ಮೇಲೆ ನೋಂದಣಿ ಖರ್ಚು. ಸ್ಟ್ಯಾಂಪ್ ಡ್ಯೂಟಿ, ಸೆಸ್, ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಎರಡು ಪಟ್ಟಾದ ನೋಂದಣಿ ಶುಲ್ಕ, ಎಲ್ಲ ಸೇರಿದರೆ ನೂರಕ್ಕೆ ಏಳೂವರೆಗಿಂತ ಮೇಲೆ. ಅಂದರೆ ಇನ್ನೂ ನಾಲ್ಕೂಮುಕ್ಕಾಲು ಲಕ್ಷ. ಒಂಬತ್ತು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ ಮೇಲೂ 14 ಲಕ್ಷ ಕಡಿಮೆ ಬೀಳುತ್ತದೆ. ನೀವು ಓಡುತ್ತೀರಿ, ಮನೆ ನಿಮಗಿಂತ ಹತ್ತು ಹೆಜ್ಜೆ ಮುಂದೆ ಓಡುತ್ತದೆ.

ಹಾಗಾಗಿ ನೀವು ಗೊಡವೆ ಅಂದಿರಲ್ಲ, ಆ ಸೈಟಿನ ದಾರಿಯೇ ನಿಮಗೆ ಸರಿ ಅಂತ ನನ್ನ ಅಭಿಪ್ರಾಯ. ಈ ಸೈಟೇ ಆಗಬೇಕೆಂದಿಲ್ಲ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಏರುವುದರಲ್ಲಿ ಮುಂದೆ ಇರುವುದು ನೆಲ. ಅದನ್ನು ಈಗಲೇ ಕೈದುಡ್ಡಿನಲ್ಲಿ ಹಿಡಿದುಬಿಟ್ಟರೆ ಉಳಿದದ್ದು ಬರೀ ಕಟ್ಟುವ ಖರ್ಚು. ನನಗೆ ಗೊತ್ತಿರುವ ಮೇಸ್ತ್ರಿ ಸಾಧಾರಣ ಕೆಲಸಕ್ಕೆ ಚದರಕ್ಕೆ (ನೂರು ಚದರ ಅಡಿಗೆ) 2 ಲಕ್ಷ ಹೇಳುತ್ತಾರೆ. ಎಂಟು ಚದರದ ಮನೆಗೆ ಇವತ್ತು 16 ಲಕ್ಷ. ಎಂಟು ವರ್ಷಕ್ಕೆ ಅದು ಶೇ 5ರಂತೆ ಏರಿ ಇಪ್ಪತ್ತಮೂರೂವರೆ ಲಕ್ಷ ಆಗಬಹುದು. ಅಷ್ಟರಲ್ಲಿ ನಿಮ್ಮ ತಿಂಗಳ 18,000 ಬಡ್ಡಿ ಸೇರಿ ಇಪ್ಪತ್ತೆರಡೂವರೆ ಲಕ್ಷ ಆಗಿರುತ್ತದೆ. ಒಂದು ಲಕ್ಷದ ವ್ಯತ್ಯಾಸವನ್ನು ನಿಮ್ಮ ಪಿಎಫ್ ತುಂಬುತ್ತದೆ, ಮನೆ ಕಟ್ಟಲು ಅದರಿಂದ ಭಾಗಶಃ ತೆಗೆಯಲು ಅವಕಾಶವಿದೆ. ಆಗ ನಿಮಗೆ 49. ಹಟವೂ ಉಳಿಯಿತು, ಮನೆಯೂ ಆಯಿತು.

ಇಷ್ಟೇ ಆಗಿದ್ದರೆ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ಸಾಲವಿಲ್ಲದೆ ಕೊಳ್ಳುವವರಿಗೆ ಒಂದು ದೊಡ್ಡ ಅಪಾಯವಿದೆ. ಅದನ್ನು ಯಾರೂ ಹೇಳುವುದಿಲ್ಲ, ನಾನು ಹೇಳಲೇಬೇಕು.

ಹಾಸನದ ಒಂದು ಶಾಖೆಯಲ್ಲಿದ್ದಾಗ ಹೈಸ್ಕೂಲ್ ಮೇಷ್ಟ್ರೊಬ್ಬರು ಸೈಟು ಕೊಳ್ಳುವುದಕ್ಕೆ 3 ಲಕ್ಷ ಸಾಲ ಕೇಳಿಕೊಂಡು ಬಂದರು. ಉಳಿದದ್ದೆಲ್ಲ ಅವರ ಕೈದುಡ್ಡು. ಮಾರುವವರು ಕೊಟ್ಟ ಕಾಗದದ ಕಂತೆಗೆ ಕೆಂಪು ದಾರ, ಮೇಲಿನ ಹಾಳೆಯ ಮೂಲೆಗೆ ಅರಿಶಿನ ಕುಂಕುಮ. ನೋಡಿದರೆ ಕೈಮುಗಿಯಬೇಕು, ಹಾಗಿತ್ತು. ಆಸ್ತಿಯ ಮೇಲೆ ನೋಂದಣಿ ಆದ ವ್ಯವಹಾರಗಳ ಪಟ್ಟಿ ಕೊಡುವ ಋಣಭಾರ ಪತ್ರ, ನಾವೆಲ್ಲ ಇಸಿ ಅನ್ನುತ್ತೇವಲ್ಲ, ಅದು 2004ರಿಂದ ಈಚೆಗೆ ಮಾತ್ರ ಇತ್ತು. ನಮ್ಮ ಪ್ಯಾನೆಲ್ ವಕೀಲರು ಕನ್ನಡಕ ಹಣೆಗೇರಿಸಿ, ‘ಮೂವತ್ತು ವರ್ಷದ್ದು ತರಿಸಿ’ ಅಂದರು. ಮೇಷ್ಟ್ರಿಗೆ ಸಿಟ್ಟು ಬಂತು. ‘ಮೂರು ಲಕ್ಷಕ್ಕೆ ಇಷ್ಟು ಅಲೆಸ್ತೀರಲ್ಲ ಮೇಡಂ, ಇನ್ನೊಂದು ವರ್ಷ ಕೂಡಿಸಿದ್ರೆ ನಿಮ್ಮ ಹಂಗೇ ಬೇಡ’ ಅಂತ ನನ್ನ ಮುಂದೆಯೇ ಗೊಣಗಿದರು. ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೇ ಪುಸ್ತಕದಿಂದ ಇಸಿ ಬಂತು. ಅದರಲ್ಲಿ ಮೂವರು ಅಣ್ಣತಮ್ಮಂದಿರ ಪಾಲುಪಟ್ಟಿ ಇತ್ತು. ವಂಶವೃಕ್ಷ ತರಿಸಿದರೆ ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು. ಜಾಗ ಅವರ ತಂದೆಯ ಸ್ವಂತ ಸಂಪಾದನೆ, ತಂದೆ ವಿಲ್ ಬರೆಯದೆ ತೀರಿಕೊಂಡಿದ್ದರು. ಅಂಥ ಆಸ್ತಿಯಲ್ಲಿ 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೂ ಸಮಪಾಲು. ಅವರ ಸಹಿ ಎಲ್ಲೂ ಇಲ್ಲ. ಒಬ್ಬಾಕೆ ಅರಸೀಕೆರೆಯಲ್ಲಿದ್ದವರು, ಆಗಲೇ ವಕೀಲರನ್ನು ನೋಡಿ ಬಂದಿದ್ದರಂತೆ.

ಸಾಲ ಕೊಡಲಿಲ್ಲ. ಮೇಷ್ಟ್ರು ಸೈಟು ಬಿಟ್ಟರು. ಎರಡು ವರ್ಷದ ಮೇಲೆ ಒಂದು ಮಂಗಳವಾರ ಸಂತೆ ಮುಗಿಸಿಕೊಂಡು ನಮ್ಮ ಶಾಖೆಗೆ ಬಂದು, ಏನೂ ಹೇಳದೆ ನನ್ನ ಟೇಬಲ್ ಮೇಲೆ ಒಂದು ಚೀಲ ಆಲೂಗಡ್ಡೆ ಇಟ್ಟು ಹೋದರು. ಆ ಸೈಟು ಕೊಂಡಿದ್ದ ಬೇರೆಯವರು ಆಗ ಕೋರ್ಟಿಗೆ ಅಲೆಯುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಮೇಷ್ಟ್ರನ್ನು ಉಳಿಸಿದ್ದು ಆ 3 ಲಕ್ಷದ ಸಾಲದ ಅರ್ಜಿ. ಬ್ಯಾಂಕಿಗೆ ನಿಮ್ಮ ಮೇಲೆ ಪ್ರೀತಿ ಇರುವುದಿಲ್ಲ, ತನ್ನ ದುಡ್ಡು ಮುಳುಗಬಾರದೆಂದು ಅದು ಕಾಗದಕ್ಕೆ ಭೂತಗನ್ನಡಿ ಹಿಡಿಯುತ್ತದೆ. ಪೂರ್ತಿ ಕೈದುಡ್ಡು ಕೊಟ್ಟು ಕೊಳ್ಳುವ ನಿಮಗೆ ಆ ಭೂತಗನ್ನಡಿ ಇಲ್ಲ. ಮಾರುವವರಿಗೂ ಬ್ರೋಕರಿಗೂ ಅದು ಗೊತ್ತು. ‘ಫುಲ್ ಕ್ಯಾಷ್ ಪಾರ್ಟಿ’ ಅಂದರೆ ಅವರ ಮುಖ ಅರಳುವುದಕ್ಕೆ ಅದೂ ಒಂದು ಕಾರಣ.

ಆದ್ದರಿಂದ ಆ ಕಣ್ಣನ್ನು ದುಡ್ಡು ಕೊಟ್ಟು ತಗೊಳ್ಳಿ. ಬ್ಯಾಂಕುಗಳಿಗೆ ಲೀಗಲ್ ಒಪೀನಿಯನ್ ಬರೆದುಕೊಡುವ ವಕೀಲರು ಚಿಕ್ಕಮಗಳೂರಿನಲ್ಲೂ ಇದ್ದಾರೆ. ಫೀಸು ಕೊಟ್ಟು ಬರಹದಲ್ಲೇ ಅಭಿಪ್ರಾಯ ಪಡೆಯಿರಿ. ಬ್ರೋಕರ್ ತೋರಿಸಿದ ವಕೀಲರು ಬೇಡ. ಇಸಿ ಮೂವತ್ತು ವರ್ಷದ್ದಿರಲಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮನೆಯಲ್ಲೇ ಕೂತು ತೆಗೆದ ಇಸಿ ಕೈಲಿದೆ ಎಂದು ಅಲ್ಲಿಗೇ ನಿಲ್ಲಬೇಡಿ, ಹಳೇ ಪುಸ್ತಕದ ಕಾಲದ್ದೂ ಬೇಕು. ನೋಂದಣಿ ಆಗದ ಕರಾರು, ಮನೆಯೊಳಗಿನ ಜಗಳ ಇಸಿಯಲ್ಲಿ ಕಾಣುವುದಿಲ್ಲ ಅನ್ನುವುದೂ ನೆನಪಿರಲಿ. ಮೂಲ ಕ್ರಯಪತ್ರವನ್ನು ಕೈಯಲ್ಲಿ ಹಿಡಿದು ನೋಡಿ. ಈಗಿನ ಕಲರ್ ಜೆರಾಕ್ಸ್ ಕಣ್ಣಿಗೆ ಮೋಸ ಮಾಡುತ್ತದೆ. ಸೀಲು ಬಿದ್ದ ಜಾಗದ ಹಿಂಬದಿಯನ್ನು ಬೆರಳಿನಿಂದ ಸವರುವುದು ನನಗೆ ಇವತ್ತಿಗೂ ಬಿಡದ ಚಟ. ಮೂಲಪತ್ರ ಕೊಡಲು ಸಬೂಬು ಹೇಳಿದರೆ ಅದು ಎಲ್ಲೋ ಅಡವಿಟ್ಟಿದೆ ಎಂದೇ ತಿಳಿಯಿರಿ.

ಊರಾಚೆಯ ಸೈಟು ಅಂದಿರಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯದಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿ ‘ಎರಡೂ ಒಂದೇ ಸಾರ್’ ಅಂದರೆ ಎದ್ದು ಬನ್ನಿ. 11ಬಿ ಅಂದರೆ ಬಡಾವಣೆ ಕ್ರಮಬದ್ಧವಾಗಿ ಆಗಿಲ್ಲ ಅಂತ. ಭೂಪರಿವರ್ತನೆ ಆದೇಶ, ಬಡಾವಣೆ ನಕ್ಷೆಯ ಅನುಮೋದನೆ ಎರಡನ್ನೂ ನೋಡಿ. ಇನ್ನೊಂದು ಮಾತು ನಮ್ಮ ಎರಡೂ ಜಿಲ್ಲೆಗೆ ಮುಖ್ಯ: ಆ ಜಮೀನು ಹಿಂದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ ಅಂತ ಹಳೇ ಪಹಣಿ ತೆಗೆಸಿ ನೋಡಿ. ಹಾಗಿದ್ದು, ಷರತ್ತು ಮೀರಿಯೋ ಸರ್ಕಾರದ ಅನುಮತಿ ಇಲ್ಲದೆಯೋ ಕೈಬದಲಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಕ್ರಯ ನಿಲ್ಲುವುದಿಲ್ಲ. 2023ರ ತಿದ್ದುಪಡಿಯ ನಂತರವಂತೂ ‘ಎಷ್ಟೋ ವರ್ಷ ಆಯ್ತು ಬಿಡಿ’ ಅನ್ನುವ ವಾದವನ್ನು ನಂಬಿ ಕೂರಬೇಡಿ. ಮೂಲ ಮಂಜೂರಾತಿದಾರರು ಜಮೀನು ವಾಪಸು ಕೇಳಿದರೆ ಅದು ಅವರ ನ್ಯಾಯವಾದ ಹಕ್ಕು. ನಷ್ಟ ಮಾತ್ರ ಕೊನೆಯಲ್ಲಿ ಕೊಂಡ ನಿಮ್ಮದು.

ಇನ್ನು ನಿಮ್ಮ 6 ಲಕ್ಷ. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ, 2020ರಿಂದ. ಸಹಕಾರಿ ಬ್ಯಾಂಕಿಗೂ ಉಂಟು. ಸಹಕಾರ ಸಂಘಕ್ಕೆ, ಸೌಹಾರ್ದಕ್ಕೆ ಇಲ್ಲ. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಮನೆ ದುಡ್ಡನ್ನು ಅಲ್ಲಿ ಇಟ್ಟಿದ್ದೀರಿ. ಅವಧಿ ಮುಗಿದ ದಿನವೇ ತೆಗೆದು ಬ್ಯಾಂಕಿಗೋ ಪೋಸ್ಟಾಫೀಸಿಗೋ ಹಾಕಿ. ಬ್ಯಾಂಕಿನ 9 ಲಕ್ಷವೂ ಒಂದೇ ಕಡೆ ಇದ್ದರೆ ಎರಡು ಮಾಡಿ.

ಸೈಟಿಗೆ 14 ಲಕ್ಷ ಕೊಟ್ಟು ನೋಂದಣಿಗೆ ಒಂದು ಲಕ್ಷದ ಮೇಲೆ ಕೊಟ್ಟರೆ ನಿಮ್ಮ ಗಂಟು ಪೂರ್ತಿ ಖಾಲಿ. ಹಾಗೆ ಮಾಡಬೇಡಿ. ಮಗಳು ಇನ್ನು ಮೂರು ವರ್ಷಕ್ಕೆ ಪಿಯುಸಿ. ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಆವತ್ತು ಮತ್ತೆ ನೂರಕ್ಕೆ ಮೂರರವನ ಬಾಗಿಲಿಗೇ ಹೋಗಬೇಕಾಗುತ್ತದೆ. 2 ಲಕ್ಷ ಮುಟ್ಟದೆ ಇಟ್ಟು, ಇನ್ನೊಂದು ವರ್ಷ ಕಾದು ಕೊಳ್ಳಿ. ಮೇಲಿನ ಲೆಕ್ಕವೂ ಒಂದು ವರ್ಷ ಮುಂದಕ್ಕೆ ಹೋಗಿ ಮನೆ 49ಕ್ಕೆ ಬದಲು 50ಕ್ಕೆ ಆಗಬಹುದು, ಆಗಲಿ ಬಿಡಿ. ಚೌಕಾಸಿ ಮಾಡಿ. ಪೂರ್ತಿ ಹಣ ಒಂದೇ ಸಲ ಚೆಕ್ಕಿನಲ್ಲಿ ಕೊಡುವವರಿಗೆ ಚೌಕಾಸಿಯ ಹಕ್ಕಿದೆ.

ಸೈಟು ಆದ ಮೇಲೆ ಬೇಲಿ ಹಾಕಿ, ವರ್ಷ ವರ್ಷ ಕಂದಾಯ ಕಟ್ಟಿ, ಆಗಾಗ ಭಾನುವಾರ ಹೋಗಿ ಬನ್ನಿ. ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡಿದ ಕೂಡಲೇ ಪಾಯ ಹಾಕಿ ನಿಲ್ಲಿಸುವ ಆಸೆ ಬರುತ್ತದೆ. ಪಾಯ ಒಂದು ಮಳೆಗಾಲ ಕೂತರೆ ಒಳ್ಳೆಯದೇ ಅಂತ ನಮ್ಮ ಮೇಸ್ತ್ರಿಗಳು ಅನ್ನುತ್ತಾರೆ. ಆದರೆ ಪಿಲ್ಲರ್ ಕಂಬಿ ಬಯಲಲ್ಲಿ ಬಿಟ್ಟು ನಾಲ್ಕು ವರ್ಷ ಸುಮ್ಮನಾಗಬೇಡಿ. ನಿಮ್ಮ ಕಡೆಯ ಮಳೆಗೆ ಕಂಬಿ ಕೆಂಪಗೆ ಸಿಪ್ಪೆ ಏಳುತ್ತದೆ. ನನ್ನ ಓಣಿಯಲ್ಲೇ ಒಬ್ಬರು ಕಂಬಿ ತುದಿಗೆ ಖಾಲಿ ನೀರಿನ ಬಾಟಲಿ ಕವುಚಿ ಆರು ವರ್ಷ ಬಿಟ್ಟಿದ್ದರು. ಬಾಟಲಿ ಗಟ್ಟಿಯಾಗಿತ್ತು, ಒಳಗಿನ ಕಂಬಿ ಸಣ್ಣಗಾಗಿತ್ತು. ಬಿಡಲೇಬೇಕಾದರೆ ಸಿಮೆಂಟ್ ಹಾಲು ಬಳಿಸಿ ಬಿಡಿ. ನನ್ನನ್ನು ಕೇಳಿದರೆ ಎಂಟು ವರ್ಷ ಬರೀ ದುಡ್ಡು ಕೂಡಿಸಿ, ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಕೆಲಸ ಹಿಡಿದು ಮಳೆಗೆ ಮುಂಚೆ ತಾರಸಿ ಮುಗಿಸುವುದೇ ಲೇಸು.

ಕೊನೆಗೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ತಂದೆ ಮಾಡಿದ್ದು ನೂರಕ್ಕೆ ತಿಂಗಳಿಗೆ 3 ರೂಪಾಯಿಯ ಸಾಲ, ವರ್ಷಕ್ಕೆ ಶೇ 36. ಬ್ಯಾಂಕಿನ ಶೇ 8.5ರ ಗೃಹಸಾಲ ಅದೇ ಭಾಷೆಯಲ್ಲಿ ನೂರಕ್ಕೆ ಎಪ್ಪತ್ತೊಂದು ಪೈಸೆ. ಹಾಗಂತ 30 ಲಕ್ಷ ಸಾಲ ತಗೊಂಡು ಇಪ್ಪತ್ತು ವರ್ಷ ಕಟ್ಟಿದರೆ ಬಡ್ಡಿಯೇ 32 ಲಕ್ಷ ದಾಟುತ್ತದೆ, ಅದನ್ನು ನಾನೂ ಬೇಡ ಅನ್ನುತ್ತೇನೆ. ಆದರೆ ಕೊನೆಯಲ್ಲಿ ತಾರಸಿಗೆ ಮೂರು ಲಕ್ಷ ಕಡಿಮೆ ಬಿದ್ದರೆ, ಆಗ ಹಟಕ್ಕೆ ಬಿದ್ದು ಹೆಂಡತಿಯ ಮಾಂಗಲ್ಯದ ಸರ ಮಾರಬೇಡಿ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡವೂ ಇಲ್ಲ. ತೀರ್ಮಾನ ನಿಮ್ಮದು.

ಪ್ರಶ್ನೆ: ಹಾಸನದಲ್ಲಿ 38 ಲಕ್ಷಕ್ಕೆ ಮನೆ ಮಾತಾಗಿದೆ, ಸಾಲವಿಲ್ಲ. ಮಾರುವವರು 18 ಲಕ್ಷ ನಗದಾಗಿ ಕೊಡಿ, 20 ಲಕ್ಷಕ್ಕೆ ರಿಜಿಸ್ಟರ್ ಮಾಡಿಸೋಣ ಅನ್ನುತ್ತಾರೆ. ಖರ್ಚು ಉಳಿಯುತ್ತಲ್ಲವೇ?

ಉತ್ತರ: ಉಳಿಯುವುದು ಅವರಿಗೆ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳುವುದೇ ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ತಗೊಂಡಷ್ಟೇ ದಂಡ ಬೀಳಬಹುದು. ನಾಳೆ ವ್ಯವಹಾರ ಮುರಿದರೆ ಆ 18 ಲಕ್ಷ ಕೊಟ್ಟಿದ್ದಕ್ಕೆ ನಿಮ್ಮ ಹತ್ತಿರ ಚೀಟಿ ಚೂರೂ ಇರುವುದಿಲ್ಲ. ಮುಂದೆ ನೀವು ಮಾರುವಾಗ ಕಾಗದದಲ್ಲಿ ನಿಮ್ಮ ಖರೀದಿ 20 ಲಕ್ಷವೇ, ಅದರ ಮೇಲಿನದ್ದೆಲ್ಲ ಲಾಭ ಅಂತ ತೆರಿಗೆ ನೀವೇ ಕಟ್ಟುತ್ತೀರಿ. ‘ಪೂರ್ತಿ ಆರ್‌ಟಿಜಿಎಸ್, ಇಲ್ಲವಾದರೆ ಬೇರೆ ಮನೆ ನೋಡುತ್ತೇನೆ’ ಅಂತ ಹೇಳಿ ನೋಡಿ. ಒಂದು ವಾರ ಮುನಿಸಿಕೊಂಡು ನಂತರ ಅವರೇ ಫೋನ್ ಮಾಡುತ್ತಾರೆ.

ಪ್ರಶ್ನೆ: ಮನೆ ದುಡ್ಡಿಗೆ ಅಂತ ಪಕ್ಕದ ಮನೆ ಅಕ್ಕ ನಡೆಸುವ ಚೀಟಿಗೆ ತಿಂಗಳಿಗೆ 10,000 ಹಾಕುತ್ತಿದ್ದೇನೆ. ಇಪ್ಪತ್ತು ಜನ ಇದ್ದೇವೆ. ಮುಂದುವರಿಸಲೇ? – ಗೃಹಿಣಿ, ಬೇಲೂರು

ಉತ್ತರ: ಅಕ್ಕ ಒಳ್ಳೆಯವರೇ ಇರಬಹುದು. ಆದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗದ ಚೀಟಿಯಲ್ಲಿ ಹತ್ತೊಂಬತ್ತು ಜನರಲ್ಲಿ ಯಾರೊಬ್ಬರು ಕೈಕೊಟ್ಟರೂ ಅಕ್ಕನಿಗೂ ದಾರಿ ಇರುವುದಿಲ್ಲ. ಈ ಚೀಟಿ ಎತ್ತಿದ ಮೇಲೆ ಮುಂದಿನದಕ್ಕೆ ಸೇರಬೇಡಿ. ಪೋಸ್ಟಾಫೀಸಿನ ಐದು ವರ್ಷದ ಆರ್‌ಡಿಗೆ ಅದೇ 10,000 ಹಾಕಿದರೆ ಈಗಿನ ಶೇ 6.7ರಲ್ಲಿ 7 ಲಕ್ಷ 13 ಸಾವಿರದ ಮೇಲೆ ಬರುತ್ತದೆ. ಅಕ್ಕನಿಗೆ ನೇರವಾಗಿ ಬೇಡ ಅನ್ನಲು ಕಷ್ಟವಾದರೆ ‘ನಮ್ಮೆಜಮಾನ್ರು ಒಪ್ತಿಲ್ಲ ಅಕ್ಕ’ ಅನ್ನಿ. ಯಜಮಾನರು ಒಂದಲ್ಲ ಒಂದಕ್ಕೆ ಉಪಯೋಗಕ್ಕೆ ಬರಬೇಕಲ್ಲ.